ಲಗ್ಗೆರೆ ಫ್ಲೆಕ್ಸಿನ ಎಡಗಡೆ ಧಾರೆ

ಅವನು ಇನ್ನೂ ಹಿಂದೆಯೇ ಬರುತ್ತಿದ್ದ!

ಕವನಾ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಕೆಂಗೇರಿಯಲ್ಲಿ ಅವಳು ಮೆಟ್ರೋ ಹತ್ತಿದಾಗ ಅವನೂ ಹತ್ತಿದ್ದ. ನಾಯಂಡಹಳ್ಳಿಯಲ್ಲಿ ಇಳಿದು ರಿಂಗ್ ರೋಡ್ ಬಸ್ಸಿಗೆ ಓಡಿದಾಗ ಅವನೂ ಓಡಿ ಬಂದಿದ್ದ. ಈಗ ಲಗ್ಗೆರೆ ಬ್ರಿಡ್ಜ್ ಹತ್ತಿರ ಇಳಿದು, ಗಾರ್ಮೆಂಟ್ಸ್‌ನಿಂದ ಮನೆಗೆ ಹೊರಟ ಹೆಂಗಸರ ನಡುವೆ ನುಸುಳಿಕೊಂಡು ನಡೆಯುತ್ತಿದ್ದರೆ, ಇಪ್ಪತ್ತು ಹೆಜ್ಜೆ ಹಿಂದೆ ಅದೇ ನೀಲಿ ಬ್ಯಾಗು, ಅದೇ ಎತ್ತರದ ಆಳು...

ಬೀದಿ ಪೋಲಿಯಾಗಿದ್ದರೆ ಅವಳು ಹೆದರುತ್ತಿರಲಿಲ್ಲ. ಲಗ್ಗೆರೆಯಲ್ಲೇ ಹುಟ್ಟಿ ಬೆಳೆದವಳು, ಒಂದು ಕೂಗು ಹಾಕಿದರೆ ಹತ್ತು ಜನ ಸೇರುತ್ತಾರೆ. ಆದರೆ ಇವನು ಪೋಲಿಯಲ್ಲ. ಇದೇ ಮಧ್ಯಾಹ್ನ ಸಂಶೋಧನಾ ಸಂಸ್ಥೆಯ ಸೆಮಿನಾರ್ ಹಾಲಿನಲ್ಲಿ, ನಲವತ್ತು ಜನರ ಮುಂದೆ, ಹಿಂದಿನ ಸಾಲಿನಿಂದ ಎದ್ದು ನಿಂತು ಅವಳ ಉಸಿರು ನಿಲ್ಲಿಸಿದವನು.

"ಮೇಡಂ, ಒಂದು ಪ್ರಶ್ನೆ ಕೇಳ್ಲೇನ್ರೀ? ಆ ಎಡಗಡೆ ಧಾರೆ... ಅದು ಖರೇನೇ ಅಲ್ಲಿ ಐತೇನ್ರೀ?"

ಐದು ವರ್ಷದಿಂದ ಕವನಾ ಒಂದೇ ಒಂದು ಗೆಲಾಕ್ಸಿಯ ಬೆನ್ನು ಹತ್ತಿದ್ದಳು. ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ ಆ ಗೆಲಾಕ್ಸಿಯ ಒಡಲಲ್ಲಿ ಒಂದು ದೈತ್ಯ ಕಪ್ಪುಕುಳಿ. ಸಿಕ್ಕಿದ್ದನ್ನೆಲ್ಲ ನುಂಗುತ್ತದೆ, ನುಂಗಲಾರದ್ದನ್ನು ಎರಡು ದಿಕ್ಕಿಗೂ ಧಾರೆಯಾಗಿ ಚಿಮ್ಮಿಸುತ್ತದೆ. ಆ ಧಾರೆಗೆ ಅವಳ ಜನ ಜೆಟ್ ಎನ್ನುತ್ತಾರೆ. ನಮ್ಮ ಕಡೆಗೆ ಬರುವ ಬಲಗಡೆ ಜೆಟ್ ರೇಡಿಯೋ ಅಲೆಗಳಲ್ಲಿ ಥಳಥಳ ಹೊಳೆಯುತ್ತದೆ. ಆಚೆಗೆ ಓಡುವ ಎಡಗಡೆಯದು ಮಾತ್ರ ಇದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕವನಾ ಕಂಡಿದ್ದಳು! ಅವಳ ಥೀಸಿಸ್ಸು, ಮುಂದಿನ ತಿಂಗಳ ಪುಣೆ ಸಮ್ಮೇಳನ, ಎಲ್ಲವೂ ಆ ಎಡಗಡೆ ಧಾರೆಯ ಮೇಲೆ ನಿಂತಿತ್ತು.

"ಡೇಟಾದಲ್ಲಿ ಇದೆ," ಎಂದು ಅವಳು ಉತ್ತರಿಸಿದ್ದಳು. ಧ್ವನಿ ನಡುಗಿದ್ದು ಬೇರೆ ಯಾರಿಗೂ ಗೊತ್ತಾಗಿರಲಿಲ್ಲ. ಆ ಮನುಷ್ಯನಿಗೆ ಗೊತ್ತಾಯಿತೇ?

ಮನೆಯ ಗೇಟು ಬಂತು. ಹಿಂದಿನ ಹೆಜ್ಜೆಯೂ ಅಲ್ಲಿಗೇ ಬಂದು ನಿಂತಿತು. ಕವನಾಳ ತಾಳ್ಮೆ ಹರಿಯಿತು.

"ಏನ್ರೀ ನಿಮ್ ಪ್ರಾಬ್ಲಮ್ಮು? ಅಲ್ಲಿಂದ ಇಲ್ಲಿವರೆಗೂ ಫಾಲೋ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?"

ಅವನು ಬೆಚ್ಚಿದ. ಜೇಬಿನಿಂದ ಒಂದು ಬೀಗದ ಕೈ ತೆಗೆದು, ಕಳ್ಳ ಸಿಕ್ಕಿಬಿದ್ದವನಂತೆ ತೋರಿಸಿದ.

"ನಾನು... ಇಲ್ಲೇ ಇರೂದ್ರೀ ಮೇಡಂ. ಮುಂಜಾನೆ ಬಂದೀನಿ."

"ಬಂದ್ಯಾ ಮಗಾ?" ಒಳಗಿನಿಂದ ಅಪ್ಪ ಬೈರಪ್ಪನ ಧ್ವನಿ. "ಓ, ಇಬ್ರೂ ಒಟ್ಗೇ ಬಂದ್ರಾ! ಮೇಲ್ಗಡೆ ರೂಮ್‌ಗೆ ಹೊಸಾ ಬಾಡ್ಗೆಯವ್ರು ಕಣವ್ವ. ರೇವಣಸಿದ್ದ ಅಂತ, ಬಾಗಲಕೋಟೆ ಕಡೆಯೋರು. ನಿಮ್ ಆಫೀಸ್‌ಗೇ ಸೇರವ್ರಂತೆ. ಬಲೇ ಬುದ್ಧಿವಂತ್ರು!"

ಕವನಾಳಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬೈರಪ್ಪನಿಗೆ ಅದೆಲ್ಲಿ ಕಾಣಬೇಕು! ಅವನಿಗೆ ಇನ್ನೂ ದೊಡ್ಡ ಸಂಭ್ರಮವಿತ್ತು.

"ಬನ್ನಿ ಬನ್ನಿ, ಇಬ್ರೂ ಬನ್ನಿ. ಒಂದ್ ಸರ್‌ಪ್ರೈಸ್ ಐತೆ."

ಅವರದು ಮೂಲೆ ಮನೆ. ಅದರ ಪಕ್ಕದ ಗೋಡೆಯ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಹತ್ತಡಿ ಎತ್ತರದ ಫ್ಲೆಕ್ಸು! ನಡುವೆ ಕವನಾಳ ಫೋಟೋ, ಮೇಲೆ ಅವಳ ಗೆಲಾಕ್ಸಿಯ ಕೆಂಪು ಚಿತ್ರ. ಬಲಗಡೆ ಒಂದು ಧಾರೆ, ಎಡಗಡೆ ಒಂದು ಧಾರೆ. "ಆಕಾಶದಲ್ಲಿ ಹೊಸ ಧಾರೆ ಕಂಡುಹಿಡಿದ ಲಗ್ಗೆರೆಯ ಹೆಮ್ಮೆಯ ಪುತ್ರಿ ಕು. ಕವನಾ ಅವರಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ಬೈರಪ್ಪ ಮತ್ತು ಗೆಳೆಯರ ಬಳಗ." ಕೆಳಗೆ ಸಾಲಾಗಿ ಕೂಲಿಂಗ್ ಗ್ಲಾಸ್ ಹಾಕಿದ ಗೆಳೆಯರ ಬಳಗ.

"ಅಪ್ಪಾ! ಇನ್ನೂ ಪೇಪರ್ ಆಗಿಲ್ಲ, ಏನೂ ಆಗಿಲ್ಲ..."

"ಆಗ್ತದೆ ಬಿಡವ್ವ. ರಾಗಿ ಬೆಳೀತಿದ್ದ ಬೈರಪ್ಪನ ಮಗ್ಳು ಆಕಾಶ ಬಗ್ದವ್ಳೆ ಅಂತ ಇಡೀ ಲಗ್ಗೆರೆ ನೋಡ್ಲಿ."

ರೇವಣಸಿದ್ದ ತಲೆಯೆತ್ತಿ ಆ ಎಡಗಡೆ ಧಾರೆಯನ್ನೇ ನೋಡುತ್ತಿದ್ದ. ಅವನು ನಗಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಯಾಕಿಷ್ಟು ಭಯ ಈ ಹುಡುಗಿಗೆ? ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಟ್ಟಲಿನಂಥ ಮೂವತ್ತು ದೊಡ್ಡ ಆಂಟೆನಾಗಳು ದೂರದೂರ ನಿಂತು ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುತ್ತವೆ. ದಾರಿಯಲ್ಲಿ ವಾತಾವರಣ ಆ ಅಲೆಗಳನ್ನು ಕಲಕಿರುತ್ತದೆ. ಅದನ್ನು ತಿಳಿ ಮಾಡಲು ಒಂದು ಉಪಾಯವಿದೆ. ಚಿತ್ರ ಹೀಗಿರಬಹುದು ಎಂದು ಮೊದಲು ಒಂದು ಊಹೆ ಕೊಡಬೇಕು. ಕಂಪ್ಯೂಟರು ಆ ಊಹೆಗೆ ಹೊಂದುವಂತೆ ಬಟ್ಟಲುಗಳ ಲೆಕ್ಕ ತಿದ್ದಿ ಹೊಸ ಚಿತ್ರ ಬರೆಯುತ್ತದೆ. ಆ ಚಿತ್ರವೇ ಮುಂದಿನ ಊಹೆ. ಹೀಗೆ ಹತ್ತು ಹದಿನೈದು ಸುತ್ತು. ಆಕಾಶದಲ್ಲಿ ಇಲ್ಲದ್ದನ್ನು ಊಹೆಯಲ್ಲಿ ಇಟ್ಟುಬಿಟ್ಟರೆ ಸುತ್ತು ಸುತ್ತಿಗೂ ಅದೇ ಗಟ್ಟಿಯಾಗುತ್ತಾ ಬರುತ್ತದೆ. ಇವನೇ ಕಳ್ಳ ಎಂದು ಮೊದಲೇ ತೀರ್ಮಾನಿಸಿ ಹೊರಟವನಿಗೆ ಸಾಕ್ಷಿ ಸಿಗದೆ ಇರುತ್ತದೆಯೇ?

ಎಂಟು ತಿಂಗಳ ಹಿಂದೆ ಒಂದು ಸಂಜೆ, ಸುಮ್ಮನೆ ನೋಡೋಣ ಎಂದು, ಕವನಾ ಊಹೆಯ ಎಡಗಡೆ ಒಂದು ಸಣ್ಣ ಚುಕ್ಕೆ ಇಟ್ಟಿದ್ದಳು. ಇರಬೇಕಾದ ಜಾಗ ತಾನೇ? ಹದಿನೈದನೇ ಸುತ್ತಿಗೆ ಆ ಚುಕ್ಕೆ ಧಾರೆಯಾಗಿ ಬೆಳಗಿತ್ತು. ಅವಳು ಕುಣಿದಾಡಿಬಿಟ್ಟಿದ್ದಳು. ಚುಕ್ಕೆ ಇಲ್ಲದೆ ಇನ್ನೊಮ್ಮೆ ಮಾಡಿ ನೋಡಬೇಕಿತ್ತು. ನಾಳೆ ಮಾಡೋಣ ಎಂದಳು. ಆ ನಾಳೆ ಬರಲೇ ಇಲ್ಲ...

'ಅದನ್ನ ಆಕಾಶ ಇಟ್ಟಿದ್ದಾ, ನಾನೇ ಇಟ್ಟಿದ್ದಾ?' ಈ ಒಂದು ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಫ್ಲೆಕ್ಸು ಕಂಡ ಆ ಸಂಜೆಯಿಂದ ರೇವಣಸಿದ್ದನನ್ನು ತಪ್ಪಿಸಿಕೊಂಡು ತಿರುಗುವುದೇ ಅವಳ ಕೆಲಸವಾಯಿತು. ಆದರೆ ಒಂದೇ ಮನೆ, ಒಂದೇ ಬಸ್ಸು, ಒಂದೇ ಸಂಸ್ಥೆ. ಎಷ್ಟು ದಿನ ತಪ್ಪಿಸಿಕೊಳ್ಳಲಾದೀತು? ಎರಡನೇ ವಾರ ಬಸ್ಸಿನ ನೂಕುನುಗ್ಗಲಿನಲ್ಲಿ ಅವಳ ಲ್ಯಾಪ್‌ಟಾಪ್ ಬ್ಯಾಗನ್ನು ಅವನೇ ತಲೆಯ ಮೇಲೆತ್ತಿ ಹಿಡಿದು ಸುಮನಹಳ್ಳಿಯಿಂದ ಲಗ್ಗೆರೆಯವರೆಗೆ ನಿಂತ. ಮೂರನೇ ವಾರ ಅಜ್ಜಿ ಅಕ್ಕಯ್ಯಮ್ಮನಿಗೆ ಜೋಳದ ರೊಟ್ಟಿ ತಟ್ಟುವುದನ್ನು ಕಲಿಸಿದ.

"ಹುಡ್ಗ ಚಿನ್ನದಂಥೋನು," ಎಂದಳು ಅಜ್ಜಿ. "ಕೋಳಿ ಸಾರು ಮಾಡಿದ್ ದಿನ ಮಾತ್ರ ಮಹಡಿ ಇಳಿಯಕಿಲ್ಲ, ಪಾಪ."

ಕವನಾ ನಕ್ಕಳು. ನಕ್ಕ ಕೂಡಲೇ ಹೆದರಿದಳು. 'ಇವನು ಇಷ್ಟ ಆಗ್ತಿದ್ದಾನಾ? ಅಯ್ಯೋ, ಬೇಡ... ನನ್ನ ಸುಳ್ಳು ಹಿಡಿಯೋನು ಯಾರಾದ್ರೂ ಇದ್ರೆ ಅದು ಇವನೇ!'

ಆದರೂ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಆ ನೀಲಿ ಬ್ಯಾಗು ಕಾಣದಿದ್ದರೆ ಅವಳ ಕಣ್ಣು ಹುಡುಕುತ್ತಿತ್ತು. ಅವನು "ಚಹಾ ಕುಡಿದ್ರೇನ್ರೀ ಮೇಡಂ?" ಎಂದರೆ ಸಾಕು, ಆ ದಿನ ಹಗುರ. ಅವನು ಒಮ್ಮೆಯೂ ಎಡಗಡೆ ಧಾರೆಯ ಮಾತೆತ್ತಲಿಲ್ಲ.

ಅವಳ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಚಿತ್ರವೂ ಹೊರಗೆ ಹೋಗುವ ಮೊದಲು ಇನ್ನೊಬ್ಬರು ಮೂಲ ಡೇಟಾದಿಂದ ತಮ್ಮ ಕೈಯಾರೆ ಅದನ್ನು ಮತ್ತೆ ಮಾಡಿ ನೋಡಬೇಕು. ಅವರಿಗೆ ಎರಡನೆಯ ಕಣ್ಣು ಎನ್ನುತ್ತಿದ್ದರು. ಸಮ್ಮೇಳನಕ್ಕೆ ಹತ್ತು ದಿನವಿರುವಾಗ ಗೈಡ್ ಪದ್ಮನಾಭ ಸರ್ ಕರೆದು ಹೇಳಿದರು.

"ನಿನ್ನ ಚಿತ್ರಕ್ಕೆ ಎರಡನೆಯ ಕಣ್ಣು ರೇವಣಸಿದ್ದ. ಅವನಿಗಿಂತ ಒಳ್ಳೇ ಕಣ್ಣು ನಮ್ಮಲ್ಲಿಲ್ಲ."

ಕವನಾ ತಲೆಯಾಡಿಸಿ ಹೊರಗೆ ಬಂದಳು.

ನಾಲ್ಕು ದಿನ ಅವಳು ಅನ್ನ ಸರಿಯಾಗಿ ತಿನ್ನಲಿಲ್ಲ. ಮಹಡಿಯ ಮೇಲೆ ಕುರ್ಚಿ ಸರಿದರೂ ತಲೆಯೆತ್ತಿ ಕಿವಿಗೊಡುತ್ತಿದ್ದಳು. 'ಈಗ ಫೈಲ್ ತೆಗೆದಿರ್ತಾನೆ... ಈಗ ಗೊತ್ತಾಗಿರುತ್ತೆ...' ಬಸ್ಸಿನಲ್ಲಿ ಅವನೂ ಮಾತು ಕಡಿಮೆ ಮಾಡಿದ್ದ. ಕಣ್ಣು ಸೇರಿದರೆ ಕಿಟಕಿಯತ್ತ ತಿರುಗುತ್ತಿದ್ದ. ಅವಳ ಊಹೆ ಒಂದೊಂದು ಸುತ್ತಿಗೂ ಗಟ್ಟಿಯಾಯಿತು.

ಐದನೇ ದಿನ, ಶುಕ್ರವಾರ, ಪದ್ಮನಾಭ ಸರ್ ಮತ್ತೆ ಕರೆದರು.

"ಕವನಾ, ರೇವಣಸಿದ್ದ ನಿನ್ನ ಕೆಲಸ ನೋಡೋಕೆ ಆಗಲ್ಲ ಅಂತ ಬರೆದುಕೊಟ್ಟಿದಾನೆ."

"ಯಾಕೆ ಸರ್?"

"ಅದನ್ನ ನಾನು ಹೇಳೋದು ಸರಿಯಲ್ಲಮ್ಮ. ಬೇರೆಯವರನ್ನ ಹಾಕ್ತೀನಿ, ಯೋಚನೆ ಮಾಡ್ಬೇಡ."

ಯೋಚನೆ ಮಾಡಬೇಡವಂತೆ! ಕಾಲುಗಳು ತಾವಾಗಿಯೇ ಅವಳನ್ನು ಮನೆಗೆ ತಂದವು. ಗೇಟಿನ ಮುಂದೆ ಆಟೋ ನಿಂತಿತ್ತು. ರೇವಣಸಿದ್ದ ತನ್ನ ಹಾಸಿಗೆ ಸುರುಳಿ ಒಳಗಿಡುತ್ತಿದ್ದ.

"ಎಲ್ಲಿಗೆ?"

"ವಿಜಯನಗರದಾಗ ಗೆಳೆಯನ ರೂಮ್ ಐತ್ರಿ. ಅಲ್ಲಿಗೆ."

"ಓಡಿ ಹೋಗ್ತಿದೀರಾ?" ಅವಳು ಆಟೋಗೆ ಅಡ್ಡ ನಿಂತಳು. "ನನ್ ಕೆಲಸ ನೋಡೋಕೂ ಯೋಗ್ಯ ಅಲ್ವಾ? ಅಷ್ಟು ಅಸಹ್ಯ ಆಯ್ತಾ? ಮುಖಕ್ಕೆ ಹೇಳ್ಬೋದಿತ್ತಲ್ರೀ... ಸರ್‌ಗೆ ಹೇಳೋ ಬದ್ಲು ನಂಗೆ ಹೇಳ್ಬೋದಿತ್ತಲ್ಲ!"

ಅವನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಹೊರಟ, ಬಾಗಿಲಲ್ಲಿ ನಿಂತ ಬೈರಪ್ಪನನ್ನು ನೋಡಿದ, ನುಂಗಿಕೊಂಡ.

"ಮೇಡಂ... ಒಂದೇ ಮಾತು. ಎಡಗಡೆ ಖಾಲಿ ಬಿಟ್ಟು ಒಮ್ಮೆ ಮಾಡಿ ನೋಡ್ರಿ. ಇದ್ರ ತಾನಾಗೇ ಬರತೈತಿ. ಯಾರ ಸಲುವಾಗೂ ಅಲ್ಲ, ನಿಮ್ಮ ಸಲುವಾಗಿ."

ಆಟೋ ಹೊರಟುಹೋಯಿತು. ಕವನಾ ಅಲ್ಲೇ ನಿಂತು ಅತ್ತಳು. ಪಕ್ಕದ ಗೋಡೆಯ ಮೇಲೆ ಫ್ಲೆಕ್ಸಿನ ಕವನಾ ನಗುತ್ತಲೇ ಇದ್ದಳು.

ಶನಿವಾರ ಬೆಳಿಗ್ಗೆ ಸಂಸ್ಥೆ ಖಾಲಿ. ಅವನು ಎಲ್ಲಿ ತಪ್ಪು ಹಿಡಿದನೆಂದಾದರೂ ನೋಡಬೇಕೆಂದು ಸರ್ ಅವನಿಗೆ ಕೊಟ್ಟಿದ್ದ ಡೇಟಾದ ಫೋಲ್ಡರನ್ನು ಕವನಾ ತೆರೆದಳು. ದಂಗಾದಳು.

ಅವನು ಒಂದು ಫೈಲನ್ನೂ ಮುಟ್ಟಿರಲಿಲ್ಲ! ಸರ್ ಇಟ್ಟ ದಿನಾಂಕದಲ್ಲಿ ಎಲ್ಲವೂ ಇಟ್ಟ ಹಾಗೇ ಇದ್ದವು.

ಅಂದರೆ... ಬರೀ ಅನುಮಾನ ಬಿಟ್ಟರೆ ಅವನಿಗೆ ಏನೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ! ಆ ಚುಕ್ಕೆಯ ಕಥೆ ಈ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತು. ಸರ್ ಬೇರೆ ಯಾರನ್ನಾದರೂ ಹಾಕುತ್ತಾರೆ. ಅವಸರದಲ್ಲಿ ಅವರು ಕವನಾಳ ಊಹೆಯಿಂದಲೇ ಶುರು ಮಾಡುತ್ತಾರೆ, ಧಾರೆ ಬಂದೇ ಬರುತ್ತದೆ. ಪುಣೆ, ಥೀಸಿಸ್ಸು, ಅಪ್ಪನ ಫ್ಲೆಕ್ಸು, ಎಲ್ಲ ಉಳಿಯುತ್ತದೆ. ಸುಮ್ಮನಿದ್ದರೆ ಸಾಕು...

ಅವಳು ಅರ್ಧ ಗಂಟೆ ಹಾಗೇ ಕೂತಿದ್ದಳು.

'ಸುಮ್ನಿದ್ರೆ ಉಳಿಯುತ್ತೆ. ಆದ್ರೆ ಈ ಭಯಾನೂ ಉಳಿಯುತ್ತಲ್ಲ? ಯಾರೇ ಪ್ರಶ್ನೆ ಕೇಳೋಕೆ ಎದ್ದು ನಿಂತ್ರೂ ನಾನು ಹೀಗೇ ನಡುಗಬೇಕಾ, ಜೀವಮಾನ ಪೂರ್ತಿ?'

ಊಹೆಯ ಪುಟ ತೆರೆದಳು. ಎಡಗಡೆಯ ಚುಕ್ಕೆಯನ್ನು ಅಳಿಸಿದಳು. ಬಟನ್ ಒತ್ತಿದಳು.

ಒಂದನೇ ಸುತ್ತು. ನಾಲ್ಕನೇ ಸುತ್ತು. ಬಲಗಡೆ ಜೆಟ್ ಗಂಟುಗಂಟಾಗಿ ತಿಳಿಯಾಗುತ್ತಾ ಬಂತು. ಎಡಗಡೆ ಕತ್ತಲೆ. ಎಂಟನೇ ಸುತ್ತು. 'ಬಾ... ಒಂಚೂರಾದ್ರೂ ಬಾ...' ಎಂದು ಬೇಡಿಕೊಂಡಳು. ಹದಿನೈದನೇ ಸುತ್ತು ಮುಗಿದಾಗ ಮಧ್ಯಾಹ್ನ ಮೂರು ಗಂಟೆ.

ಬರಲಿಲ್ಲ.

ವಿಚಿತ್ರವೆಂದರೆ ಅವಳು ಅಳಲಿಲ್ಲ. ಎಂಟು ತಿಂಗಳಿಂದ ಬಾಗಿಲ ಹಿಂದೆ ನಿಂತಿದ್ದ ಭೂತ ಕೊನೆಗೂ ಎದುರು ಬಂದು ನಿಂತಿತ್ತು. ಅವಳು ಫೋನ್ ತೆಗೆದು ಸರ್ ನಂಬರ್ ಒತ್ತಿದಳು.

ಪದ್ಮನಾಭ ಸರ್ ಬಸವೇಶ್ವರನಗರದ ತಮ್ಮ ಮನೆಗೇ ಬರಹೇಳಿದರು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಕವನಾ ಕುರ್ತಾದ ತುದಿಯನ್ನೇ ಹಿಂಡುತ್ತಾ ಕುಳಿತಿದ್ದಳು.

"ಪುಣೆಗೆ ಈ ಸಲ ಹೋಗೋದು ಬೇಡ," ಎಂದರು ಕೊನೆಗೆ. "ಥೀಸಿಸ್ ಆರು ತಿಂಗಳು ಮುಂದಕ್ಕೆ ಹೋಗುತ್ತೆ. ಎಂಟು ತಿಂಗಳು ಹೇಳದೆ ಇಟ್ಟಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಇವತ್ತು ಯಾರೂ ಕೇಳದೆ ಬಂದು ಹೇಳಿದ್ದು... ಅದು ನನ್ನ ನೆನಪಲ್ಲಿರುತ್ತೆ."

ಆಮೇಲೆ ಕನ್ನಡಕ ತೆಗೆದು ಒರೆಸಿದರು. ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದರು.

"ಇನ್ನು ಇದನ್ನ ನೀನು ಓದಬಹುದು. ಹುಡುಗನ್ನ ಫೋನ್‌ನಲ್ಲಿ ಕೇಳಿದೆ, ಒಪ್ಪಿದ."

ನಾಲ್ಕೇ ಸಾಲು. ರೇವಣಸಿದ್ದನ ದುಂಡು ಅಕ್ಷರ.

"ಸರ್, ಕವನಾ ಅವರ ಚಿತ್ರವನ್ನು ನಾನು ಪರೀಕ್ಷಿಸಲಾರೆ. ಅದು ನಿಜವಾಗಲಿ ಎಂದು ನನ್ನ ಮನಸ್ಸು ಬಯಸುತ್ತಿದೆ, ಅವರು ನಗಲಿ ಎಂದು ಬಯಸುವಂತೆ. ಬಯಸುವವನ ಕಣ್ಣು ಪರೀಕ್ಷೆಗೆ ಬಾರದು. ಅವರ ಮನೆಯಲ್ಲಿದ್ದುಕೊಂಡು ಈ ಮಾತನ್ನು ಅವರಿಗೆ ಹೇಳುವುದೂ ಸರಿಯಲ್ಲ, ಆದ್ದರಿಂದ ರೂಮು ಬಿಡುತ್ತಿದ್ದೇನೆ."

ಅಕ್ಷರಗಳು ಕಣ್ಣೀರಿನಲ್ಲಿ ತೇಲಿದವು. ಅವನು ತನ್ನನ್ನು ಹೀನವಾಗಿ ಕಾಣುತ್ತಾನೆ ಎಂಬ ಚುಕ್ಕೆಯನ್ನೂ ಅವಳೇ ಇಟ್ಟಿದ್ದಳು! ಅವನ ಮೌನ, ಕಿಟಕಿಯತ್ತ ತಿರುಗಿದ ಮುಖ, ಆಟೋ, ಎಲ್ಲವನ್ನೂ ಅದಕ್ಕೇ ಹೊಂದಿಸಿಕೊಂಡಿದ್ದಳು.

ಹೊರಗೆ ಬಂದು ಮೆಸೇಜ್ ಮಾಡಿದಳು. "ಎಡಗಡೆ ಖಾಲಿ ಬಿಟ್ಟು ಮಾಡಿದೆ. ಬರಲಿಲ್ಲ. ನಾಳೆ ನೀವು ಬರ್ತೀರಾ?"

ಉತ್ತರ ಬರಲಿಲ್ಲ. ಮೆಸೇಜಿನ ಪಕ್ಕದ ಎರಡು ಟಿಕ್ ಗುರುತು ನೀಲಿಯಾದವು, ಅಷ್ಟೇ.

ಆದರೆ ಎಲ್ಲಕ್ಕಿಂತ ದೊಡ್ಡ ಭಯ ಇನ್ನೂ ಬಾಕಿಯಿತ್ತು. ಅದು ಭಾನುವಾರ ಬೆಳಿಗ್ಗೆ ಲುಂಗಿ ಉಟ್ಟು, ಕಟ್ಟೆಯ ಮೇಲೆ ಕೂತು, ಕಾಫಿ ಕುಡಿಯುತ್ತಿತ್ತು.

"ಅಪ್ಪಾ... ಆ ಫ್ಲೆಕ್ಸ್‌ನಲ್ಲಿರೋದು ಸುಳ್ಳು."

ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಬೈರಪ್ಪ ಲೋಟ ಕೆಳಗಿಟ್ಟ. ಎದ್ದು ಹೋಗಿ ಫ್ಲೆಕ್ಸಿನ ಮುಂದೆ ನಿಂತ. ಕವನಾ ಅವನ ಬೆನ್ನನ್ನೇ ನೋಡುತ್ತಾ ಹಿಂದೆ ಹೋದಳು. ಇಡೀ ಲಗ್ಗೆರೆಗೆ ಸ್ವೀಟು ಹಂಚಿದ ಮನುಷ್ಯ...

"ಎಡಗಡೇದು ಸುಳ್ಳಾ?"

"ಹೂಂ ಅಪ್ಪ."

"ಬಲಗಡೇದು?"

"ಅದು ನಿಜ."

"ನಿನ್ ಫೋಟೋ?"

"ಅಪ್ಪಾ..."

"ಅದೂ ನಿಜಾನೇ ಅಲ್ವಾ? ಹಂಗಾದ್ರೆ ಯಾಕ್ ಪೂರ್ತಿ ಕೀಳ್ಬೇಕು?" ಬೈರಪ್ಪನ ಧ್ವನಿ ಒಡೆದಿತ್ತು, ಆದರೆ ಕೈ ಆಗಲೇ ಲುಂಗಿ ಎತ್ತಿ ಕಟ್ಟುತ್ತಿತ್ತು. "ನಮ್ಮಪ್ಪ ಹೊಲದ್ ಬದು ಒಂದ್ ಗೇಣು ತಪ್ಪಾಗ್ ಹಾಕ್ದಾಗ ಊರ್ ಮುಂದೇನೇ ಕಿತ್ತು ಸರಿಯಾಗ್ ಹಾಕ್ದ. ಯಾರೂ ನಗ್ಲಿಲ್ಲ. ಏಣಿ ತತ್ತಾ. ಗೇಟಿಗ್ ಬಳ್ದಿದ್ದ ಕಪ್ ಬಣ್ಣ ಮಿಕ್ಕೈತೆ."

ಹಾಗೆ ಆ ಭಾನುವಾರ, ಬೀದಿಯವರೆಲ್ಲ ನೋಡುತ್ತಿರುವಾಗ, ಬೈರಪ್ಪ ಏಣಿ ಹತ್ತಿ ಎಡಗಡೆ ಧಾರೆಗೆ ಕಪ್ಪು ಬಳಿಯತೊಡಗಿದ. ಕವನಾ ಏಣಿ ಹಿಡಿದು ನಿಂತಳು. ಅಕ್ಕಯ್ಯಮ್ಮ ಕಟ್ಟೆಯ ಮೇಲೆ ಕೂತು, "ಅಲ್ಲೊಂಚೂರ್ ಉಳೀತು, ಇಲ್ಲೊಂಚೂರ್ ಉಳೀತು," ಎಂದು ಮೇಸ್ತ್ರಿಕೆ ಮಾಡಿದಳು.

"ಏನ್ ಮಾಡಾಕತ್ತೀರಿ ಯಜಮಾನ್ರ?"

ಆ ಧ್ವನಿ! ಕವನಾಳ ಕೈ ಏಣಿಯ ಮೇಲೆ ಬಿಗಿಯಾಯಿತು. ನೀಲಿ ಬ್ಯಾಗು, ಎತ್ತರದ ಆಳು, ನಿದ್ದೆಗೆಟ್ಟ ಕಣ್ಣು.

"ಸುಳ್ ಅಳಿಸ್ತಾ ಇವ್ನಿ ಕಣಪ್ಪ."

"ನಿಲ್ರೀ! ಅಷ್ಟು ದಪ್ಪ ಬಳೀಬ್ಯಾಡ್ರಿ." ರೇವಣಸಿದ್ದ ಹತ್ತಿರ ಬಂದ. "ಮೇಡಂ, ಥೀಸಿಸ್‌ನ್ಯಾಗ ಅಲ್ಲಿ ಇಲ್ಲ ಅಂತ ಬರೀಬ್ಯಾಡ್ರಿ. ಕಂಡಿಲ್ಲ ಅಂತ ಬರೀರಿ. ಇದ್ರ ಇಷ್ಟಕ್ಕಿಂತ ಮಂಕು ಅಂತ ಲೆಕ್ಕ ಹಾಕ್ರಿ, ಅದೂ ಒಂದು ಶೋಧನೇ. ಆ ಕಡೆ ಹೋಗೂ ಧಾರೆ ನಮಗ ಬೆನ್ನು ಮಾಡಿರತೈತಿ. ಅದಕ್ಕ ಕಾಣೂದಿಲ್ಲ."

"ಅದೇನ್ ಸರಿಯಾಗ್ ಹೇಳಪ್ಪಾ," ಎಂದ ಬೈರಪ್ಪ ಮೇಲಿನಿಂದ. "ಐತೋ, ಇಲ್ವೋ?"

ರೇವಣಸಿದ್ದ ಫ್ಲೆಕ್ಸ್ ನೋಡಲಿಲ್ಲ. ಕವನಾಳನ್ನು ನೋಡಿದ.

"ಐತ್ರಿ. ಮೊದಲ ದಿನದಿಂದ ಐತಿ. ಹೇಳಾಕ ಧೈರ್ಯ ಸಾಲಲಿಲ್ಲ."

ಬೈರಪ್ಪನ ಬ್ರಷ್ಷು ನಿಂತಿತು. "ಇದು ಆಕಾಶದ್ ವಿಷ್ಯ ತಾನೆ?"

"ಬೈರಾ, ನೀನ್ ಬಣ್ಣ ಬಳಿ," ಎಂದಳು ಅಕ್ಕಯ್ಯಮ್ಮ. "ಕೆಳಗ್ ನೋಡ್ಬೇಡ."

ಕವನಾಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಪತ್ರ ಓದಿದೆ. ಮೆಸೇಜ್‌ಗೆ ಉತ್ತರ ಯಾಕ್ ಕೊಡ್ಲಿಲ್ಲ? ರಾತ್ರಿಯೆಲ್ಲ ಬರಲ್ಲ ಅನ್ಕೊಂಡೇ ಕೂತಿದ್ದೆ."

"ಉತ್ತರ ಬರ್ದು ಬರ್ದು ಅಳಿಸಿದ್ನಿ. ಕಡೀಗೆ ಬಸ್ ಹತ್ತೂದೇ ಸುಲಭ ಅನ್ನಿಸ್ತು."

"ನಂಗೆ ಇನ್ನೂ ಭಯ ಆಗ್ತಿದೆ."

"ನನಗೂ ಆಗಾಕತ್ತೈತಿ."

"ನಿಮ್ಗ್ಯಾಕೆ?"

"ನಿಮ್ಮಪ್ಪ ಕೆಳಗ ಇಳ್ಯಾಕತ್ಯಾರ."

ನಿಜ, ಏಣಿ ಅಲುಗಾಡುತ್ತಿತ್ತು. ಅವನು ತಟ್ಟನೆ ಮುಂದೆ ಬಂದು ಏಣಿಯ ಇನ್ನೊಂದು ಕಾಲನ್ನು ಹಿಡಿದ. ಮರದ ಮೆಟ್ಟಿಲಿನ ಮೇಲೆ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

"ಗಟ್ಟಿಯಾಗ್ ಹಿಡ್ಕೊಳ್ಳಿ," ಎಂದಳು ಅವಳು ಮೆಲ್ಲಗೆ.

"ಹಿಡಕೊಂಡೀನಿ," ಎಂದ ರೇವಣಸಿದ್ದ. ಮೇಡಂ ಎನ್ನಲು ಹೊರಟ ಬಾಯಿ ಒಂದು ಕ್ಷಣ ತಡೆಯಿತು. "ಬಿಡೂದಿಲ್ಲ, ಕವನಾ."